ಡಾಬಿಗೆ ತಕ್ಕ ಸೊಂಟ

ಒಂದು ಗೇಣು ಕಡಿಮೆ ಬಿತ್ತು. ಕಡಿಮೆ ಬಿದ್ದದ್ದು ಡಾಬು, ಬೈಸಿಕೊಂಡದ್ದು ಸೊಂಟ. ಇದೆಲ್ಲಿಯ ನ್ಯಾಯ ಹೇಳಿ!

ನಾಗಣಸೂರಿನ ಕುರಿಗಾರ ಹಣಮಂತಪ್ಪನ ಹಿರಿಯ ಮಗಳು ಸುಗಲಾಬಾಯಿ ಅವತ್ತು ಪಡಸಾಲೆಯ ನಡುವೆ ಎರಡೂ ಕೈ ಎತ್ತಿಕೊಂಡು ನಿಂತಿದ್ದಳು. ಅವಳಿಗೆ ಅತ್ತೆಯಾಗಬೇಕಾದ ಮಂದ್ರೂಪದ ಗುರುಬಾಯಿ ಬೆಳ್ಳಿಯ ಡಾಬನ್ನು ಅವಳ ನಡುವಿಗೆ ಸುತ್ತಿ, ಒಂದು ತುದಿಯ ಕೊಕ್ಕೆಯನ್ನು ಇನ್ನೊಂದು ತುದಿಯ ಕೊಂಡಿಗೆ ಸಿಕ್ಕಿಸಲು ಎಳೆಯುತ್ತಿದ್ದಳು. ದನದ ಕೊರಳಿಗೆ ಹಗ್ಗ ಬಿಗಿಯುವವರೂ ಅಷ್ಟು ಎಳೆಯುವುದಿಲ್ಲ. ಆದರೂ ಕೊಕ್ಕೆಗೂ ಕೊಂಡಿಗೂ ನಡುವೆ ಒಂದು ಗೇಣು ಉಳಿಯಿತು.

"ಏನ ತಿಂತಾಳವಾ ಈ ಪೋರಿ?" ಎಂದಳು ಗುರುಬಾಯಿ, ಬೆವರು ಒರೆಸಿಕೊಳ್ಳುತ್ತ. "ನಮ್ಮ ಮನ್ಯಾಗ ನಾಕು ತಲಿಮಾರಿನ ಸೊಸ್ತ್ಯಾರು ಇದನ್ನ ತೊಟ್ಟಾರ. ಒಬ್ಬಾಕಿಗೂ ಕಡಿಮಿ ಬಿದ್ದಿಲ್ಲ."

ಆ ಡಾಬು ಸಾಮಾನ್ಯದ್ದಲ್ಲ. ಅದರ ನಡುಬಿಲ್ಲೆಯ ಮೇಲೆ ಕುಲದೇವರು ಬೀರಪ್ಪನ ಮುದ್ರೆ ಇತ್ತು. ಮಂದ್ರೂಪದ ಆ ಮನೆತನದಲ್ಲಿ ಮದುವೆ ಗಟ್ಟಿಯಾಗಬೇಕಾದರೆ ಕನ್ಯೆಯ ಸೊಂಟದ ಮೇಲೆ ಅದರ ಕೊಕ್ಕೆ ಬೀಳಬೇಕು. ಬಿದ್ದ ಸಪ್ಪಳವನ್ನು ಮನೆಯ ಹಿರಿಯ ಹೆಂಗಸು ಕಿವಿಯಾರೆ ಕೇಳಿ ಭಂಡಾರದ ಅರಿಸಿನ ಹಚ್ಚಬೇಕು. ಹಚ್ಚಿದರೆ ದೇವರು ಒಪ್ಪಿದ ಹಾಗೆ. ಲಗ್ನದ ದಿನ ಒಮ್ಮೆ ತೊಟ್ಟ ಮೇಲೆ ಡಾಬು ದೇವರ ಜಗಲಿಗೆ ಹೋಗುತ್ತಿತ್ತು, ಮುಂದಿನ ಸೊಸೆ ಬರುವವರೆಗೆ ಯಾರೂ ಮುಟ್ಟುತ್ತಿರಲಿಲ್ಲ. ಹಿರಿಯ ಹೆಂಗಸು ಅಂದರೆ ಗುರುಬಾಯಿಯ ಅತ್ತೆ ಸೋಮವ್ವ. ಕಣ್ಣು ಹೋಗಿ ಬಹಳ ವರ್ಷವಾಗಿದ್ದ ಆ ಮುದುಕಿ ಗೋಡೆಗೊರಗಿ, ಭಂಡಾರದ ಚೀಲ ತೊಡೆಯ ಮೇಲಿಟ್ಟುಕೊಂಡು, ಸಪ್ಪಳಕ್ಕೆ ಕಾದಳು. ಸಪ್ಪಳ ಆಗಲಿಲ್ಲ.

"ಎರಡು ಕೊಂಡಿ ಕೂಡಿಸಿದ್ರ ಆತಲ್ರಿ," ಎಂದ ಹಣಮಂತಪ್ಪ, ಕೈ ಹೊಸೆಯುತ್ತ. "ಅಕ್ಕಲಕೋಟದಾಗ ನಮ್ಮ ಪರಿಚಯದ ಅಕ್ಕಸಾಲಿ ಇದ್ದಾನ. ಕೂತಲ್ಲೇ ಮಾಡಿ ಕೊಡ್ತಾನ."

ಗುರುಬಾಯಿ ಎರಡೂ ಕಿವಿ ಮುಚ್ಚಿಕೊಂಡಳು. "ದೇವರ ಮುದ್ರಿಗೆ ಬೆಂಕಿ ತೋರಸೂದ? ಶಿವಶಿವಾ! ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು ಹಣಮಂತಪ್ಪಣ್ಣಾ. ಬನ್ನಿ ಹಬ್ಬ ಮುಗಿದ ಮ್ಯಾಲ ಮತ್ತ ಬರ್ತೀವಿ. ಅಷ್ಟರಾಗ ಹುಡುಗೀನ ಬರೊಬ್ಬರಿ ಮಾಡಿ ಇಡ್ರಿ. ಇಲ್ಲಂದ್ರ ನಮ್ಮ ತುಕಾರಾಮಗ ಬ್ಯಾರೆ ಕಡೆ ನೋಡ್ತೀವಿ."

ಹಾಸಿಗೆ ಗಿಡ್ಡವಾಯಿತೆಂದು ಕಾಲು ಮಡಚಿದವರನ್ನು ಕಂಡಿದ್ದೇವೆ, ಕಾಲನ್ನೇ ಕೆತ್ತಿಸಿಕೊಂಡು ಬಾ ಎಂದವರನ್ನು ಯಾರೂ ಕಂಡಿಲ್ಲ. ಸುಗಲಾಗೆ ಆ ಮಾತು ನಾಲಿಗೆಯ ತುದಿಯವರೆಗೆ ಬಂತು. ಅಪ್ಪನ ಮುಖ ನೋಡಿ ನುಂಗಿದಳು. ಅವ್ವ ತಂಗಿ ದ್ರೌಪದಿಯನ್ನು ಹೆತ್ತು ಬಾಣಂತನದಲ್ಲೇ ಕಣ್ಣು ಮುಚ್ಚಿದಾಗಿನಿಂದ ಸುಗಲಾಳೇ ಆ ಮನೆಯ ಹೆಂಗಸು. ತಂಗಿಯನ್ನು ಸಾಕಿದಳು, ರೊಟ್ಟಿ ಬಡಿದಳು, ಕಾಲು ಮುರಿದ ಕುರಿಯನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿದಳು. ಹೀಗಾಗಿ ವಾರಿಗೆಯವರೆಲ್ಲ ಗಂಡನ ಮನೆ ಸೇರಿದರೂ ಇವಳಿಗೆ ಹದಿನೇಳು ತುಂಬಿತು. ಅಪ್ಪನಿಗೆ ಅದೇ ಚಿಂತೆ. ಈ ಸಂಬಂಧ ತಪ್ಪಿದರೆ ಮುಂದೆ ಯಾರು ಬರುತ್ತಾರೆ ಎಂದು ಅವನು ಕಂಬಳಿ ಹೊದ್ದು ಮೂಲೆಯಲ್ಲಿ ಕೂತುಬಿಟ್ಟ. ಹುಡುಗ ತುಕಾರಾಮನನ್ನು ಸುಗಲಾ ಎರಡು ಸಲ ನೋಡಿದ್ದಳು. ಕೆಟ್ಟವನ ಹಾಗೆ ಕಾಣಲಿಲ್ಲ. ಬಾಯಿ ಮಾತ್ರ ಇದ್ದ ಹಾಗೆ ಕಾಣಲಿಲ್ಲ.

ಹುಡುಗಿಯನ್ನು "ಬರೊಬ್ಬರಿ ಮಾಡಲು" ಸೊಲ್ಲಾಪುರದಿಂದ ಕಸ್ತೂರಬಾಯಿ ಬಂದಳು. ಅವ್ವನ ತಂಗಿ, ಸುಗಲಾಗೆ ಮಾವಶಿ. ಗಂಡ ಬಟ್ಟೆ ಗಿರಣಿಯಲ್ಲಿ ಆಳುಗಳ ಮೇಲಿನ ಮುಕ್ಕಾದಮ. ಊರಿನ ಮದುವಣಗಿತ್ತಿಯರಿಗೆ ಸೀರೆ ಉಡಿಸುವುದರಲ್ಲಿ ತನ್ನನ್ನು ಬಿಟ್ಟರೆ ಇಲ್ಲ ಎಂಬ ಜಂಬ. ಬಂದವಳೇ ಸುಗಲಾಳನ್ನು ಅಂಗಳದ ಬೆಳಕಿನಲ್ಲಿ ನಿಲ್ಲಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಅಗಂ ಬಾಯೀ!" ಎಂದು ಮರಾಠಿಯಲ್ಲಿ ಉದ್ಗಾರ ತೆಗೆದಳು. "ನಮ್ಮಕ್ಕ ನಿಂತಾಂಗ ಆತಲ್ಲೋ! ಅದಽ ಹೆಗಲು, ಅದಽ ನಡ. ಇರ್ಲಿ. ದೇವರು ಕೊಟ್ಟದ್ದನ್ನ ಮುಚ್ಚಲಿಕ್ಕ ನಾ ಇದ್ದೀನಿ."

ದೇವರು ಕೊಟ್ಟದ್ದನ್ನು ಮುಚ್ಚುವುದೇಕೆ? ಕದ್ದು ತಂದದ್ದೇ? ಸುಗಲಾ ಕೇಳಲಿಲ್ಲ. ಕೇಳಿದ್ದು ಬೇರೆ: "ಮಾವಶಿ, ಅವ್ವನ ಇಲಕಲ್ಲ ಸೀರಿ ಪೆಟಿಗ್ಯಾಗ ಅದ. ಲಗ್ನಕ್ಕ ಅದನ್ನ ಉಡ್ಲೇನು?"

ಅದು ಕೆಂಪು ಸೀರೆ, ಅಂಗೈಯಗಲದ ಗಾಡಿದಡಿಯ ಅಂಚಿನದು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವಾಗ ಸುಗಲಾ ಅದನ್ನು ಮೂಗಿಗೆ ಹಿಡಿದು ನಿಲ್ಲುತ್ತಿದ್ದಳು.

"ಹುಚ್ಚಿ, ಗಿಡ್ಡ ಆಳಿಗೆ ಅಗಲ ದಡಿ ಉಡಿಸಿದ್ರ ಆಳು ಅರ್ಧ ಆಗ್ತದ," ಎಂದಳು ಕಸ್ತೂರಬಾಯಿ. "ಮ್ಯಾಲೊಂದು ಕಣಜ, ಕೆಳಗೊಂದು ಕಣಜ ಇಟ್ಟಾಂಗ ಕಾಣ್ತಿ. ನಿನಗ ಸಣ್ಣ ದಡಿ, ಕಪ್ಪು ಮೈ ಇರೋ ಸೀರಿ ಬೇಕು. ನಡಿ ಸೊಲ್ಲಾಪುರಕ್ಕ."

ಬಂಡಿಯಲ್ಲಿ ಅಕ್ಕಲಕೋಟ ರೋಡ್ ಸ್ಟೇಶನ್ನಿಗೆ ಬಂದು, ಅಲ್ಲಿಂದ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದರು. ಸ್ವರಾಜ್ಯದ ಗಲಭೆಗೆ ಇಂಗ್ರೇಜರು ಆ ಊರಿಗೆ ಹೇರಿದ್ದ ಮಾರ್ಶಲ್ ಲಾ ಮುಗಿದ ಮರುವರ್ಷ ಅದು. ಮಂಗಳವಾರ ಪೇಟೆಯಲ್ಲಿ ಮತ್ತೆ ಜನವೋ ಜನ. ಜವಳಿ ಅಂಗಡಿಯ ಬಿಳಿ ಗಾದಿಯ ಮೇಲೆ ಕೂತು ಕಸ್ತೂರಬಾಯಿ ಸೀರೆಗಳ ರಾಶಿ ಹಾಕಿಸಿದಳು. ಅಂಗಡಿಯ ಶೇಟಜಿ ಸುಗಲಾಳನ್ನು ಮೇಲಿಂದ ಕೆಳಗೆ ನೋಡಿ, "ಈ ಮೈಕಟ್ಟಿಗೆ ಚಂದ್ರಕಳಿನೇ ಬೇಕ್ರಿ ಬಾಯಿ, ಕಪ್ಪಿನಾಗ ಎಲ್ಲಾ ಅಡಗಿ ಹೋಗ್ತದ," ಎಂದ. ಪಕ್ಕದಲ್ಲಿ ಸೀರೆ ಆರಿಸುತ್ತಿದ್ದ ಹೆಂಗಸರು ಕತ್ತು ಹೊರಳಿಸಿ, ಅಡಗಬೇಕಾದದ್ದು ಎಷ್ಟಿದೆ ಎಂದು ಅಳತೆ ಮಾಡಿದರು. ಆ ಶೇಟಜಿಯ ಹೊಟ್ಟೆ ತೊಡೆಯ ಮೇಲೆ ಬೇರೆಯೇ ಆಸಾಮಿಯ ಹಾಗೆ ಕೂತಿತ್ತು. ಅದಕ್ಕೆ ಯಾರೂ ಕಪ್ಪು ಧೋತರ ಸೂಚಿಸಲಿಲ್ಲ.

ಕಪ್ಪು ಚಂದ್ರಕಳಿ ಕೊಂಡದ್ದಾಯಿತು. ದಾರಿಯುದ್ದಕ್ಕೂ ಕಸ್ತೂರಬಾಯಿಯ ಪಾಠ ನಿಲ್ಲಲಿಲ್ಲ. ದುಂಡು ಮುಖಕ್ಕೆ ದುಂಡು ಕುಂಕುಮ ಬೇಡ, ಉದ್ದ ಎಳೆಯಬೇಕು. ಕೊರಳಿಗೆ ಅಂಟುವ ಠುಸಿ ಹಾಕಿದರೆ ಕೊರಳೇ ಇಲ್ಲದಂತಾಗುತ್ತದೆ, ಎದೆಯವರೆಗೆ ಇಳಿಯುವ ಬೋರಮಾಳ ಹಾಕಬೇಕು. ನತ್ತು ದೊಡ್ಡದಿದ್ದರೆ ಗಲ್ಲ ಸಣ್ಣದಾಗಿ ಕಾಣುತ್ತದೆ. ದಪ್ಪ ಮುಂಗೈಗೆ ಪಾಟಲಿ ಬಳೆ ಬೇಡ. ಕಚ್ಚೆ ಸಡಿಲು ಬಿಡಬಾರದು, ನಿರಿಗೆ ಕೆಳಗೆ ಕಟ್ಟಬೇಕು. ನಕ್ಕರೆ ಬಾಯಿ ಮುಚ್ಚಿ ನಗಬೇಕು. ಕೂತರೆ ತುದಿಯಲ್ಲಿ ಕೂರಬೇಕು.

ಸುಗಲಾ ರೈಲಿನ ಕಿಟಕಿಗೆ ಹಣೆ ಹಚ್ಚಿ ಕೂತಳು. ಸೊಲ್ಲಾಪುರದ ತನಕ ಹೋಗುವಾಗ ಅವಳೊಬ್ಬ ಹುಡುಗಿಯಾಗಿದ್ದಳು, ಬರುವಾಗ ಒಂದು ರಾಶಿ ತಪ್ಪುಗಳಾಗಿದ್ದಳು. ಕುರಿಸಂತೆಯಲ್ಲಿಯೂ ಹೀಗೆ ನಡೆಯುವುದಿಲ್ಲ. ಅಲ್ಲಿ ಕುರಿಯ ಬೆನ್ನು ಮುಟ್ಟಿ, ಮಾಂಸ ತುಂಬಿದೆ ಎಂದು ಮೆಚ್ಚಿಕೊಂಡಾದರೂ ಒಯ್ಯುತ್ತಾರೆ.

ಸೀರೆಯ ಮಾತು ಹಾಗಿರಲಿ, ಊಟದ ಮಾತು ಕೇಳಿ. ಕಸ್ತೂರಬಾಯಿ ಹೇಳಿಹೋದ ಕಟ್ಟಳೆ: ಬನ್ನಿ ಹಬ್ಬ ಮುಗಿಯುವ ತನಕ ಹುಡುಗಿಗೆ ಹೊತ್ತಿಗೊಂದು ಅರ್ಧ ರೊಟ್ಟಿ, ನೀರುಮಜ್ಜಿಗೆ. ಶೇಂಗಾ ಹಿಂಡಿಯ ಚಟ್ನಿ ಮುಟ್ಟಿಸಬಾರದು, ಬೆಣ್ಣೆ ತೋರಿಸಬಾರದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುತ್ತಾರಲ್ಲ, ಆ ಗಾದೆಯವರಿಗೆ ಹಿಟ್ಟೇ ಇರಲಿಲ್ಲ ಪಾಪ. ಇಲ್ಲಿ ಕಣಜದ ತುಂಬ ಜೋಳವಿತ್ತು. ಮನೆಮಂದಿಗೆಲ್ಲ ರೊಟ್ಟಿ ಬಡಿದು, ಬಿಸಿಬಿಸಿ ಹಾಕಿ, ತಾನು ಅರ್ಧ ಮುರಿದುಕೊಂಡು ಏಳುತ್ತಿದ್ದಳು ಸುಗಲಾ. ಬಾವಿಯ ಹಗ್ಗ ಎಳೆಯುವಾಗ ಕಣ್ಣಿಗೆ ಕತ್ತಲೆ ಕವಿಯಿತು. ಒಮ್ಮೆ ಕುರಿಹಟ್ಟಿಯಲ್ಲಿ ಕೂತಲ್ಲೇ ವಾಲಿದಳು.

ದ್ರೌಪದಿ ತನ್ನ ರೊಟ್ಟಿಯಲ್ಲಿ ಬೆಣ್ಣೆ ಸುತ್ತಿ, ಪರಕಾರ ಲಂಗದ ಮಡಿಲಲ್ಲಿ ಮುಚ್ಚಿಟ್ಟುಕೊಂಡು ಬರುತ್ತಿದ್ದಳು. "ಅಕ್ಕಾ, ತಿನ್ನಽ. ನಾ ಯಾರಿಗೂ ಹೇಳಂಗಿಲ್ಲ."

"ಬ್ಯಾಡ ದುರ್ಪಿ. ಅಪ್ಪಗ ಮಾತು ಕೊಟ್ಟೀನಿ."

ಮಾತು ಕೊಟ್ಟಿದ್ದಳು, ನಿಜ. ಸೊಂಟ ಮಾತ್ರ ಯಾರಿಗೂ ಮಾತು ಕೊಟ್ಟಿರಲಿಲ್ಲ. ಎಲುಬು ಸಣ್ಣದಾಗುತ್ತದೆಯೇ? ಗಲ್ಲ ಇಳಿಯಿತು, ಕಣ್ಣ ಕೆಳಗೆ ಕಪ್ಪಾಯಿತು, ಸೊಂಟ ಇದ್ದಲ್ಲೇ ಇತ್ತು.

ಬನ್ನಿ ಕೊಟ್ಟು ತಗೊಂಡದ್ದಾಯಿತು. ಮಂದ್ರೂಪದ ಬಂಡಿ ಹೇಳಿದ ಹಾಗೆ ಬಂತು. ಗುರುಬಾಯಿ ಇಳಿದಳು, ಸೋಮವ್ವನನ್ನು ಕೈಹಿಡಿದು ಇಳಿಸಿದಳು. ಗುಲಾಬಿ ರುಮಾಲಿನ ತುಕಾರಾಮನೂ ಇಳಿದು, ಅಂಗಳದ ಕಂಬಕ್ಕೆ ಕಟ್ಟಿದ್ದ ಸರದಾರನೆಂಬ ಟಗರಿನ ಪಕ್ಕದ ಕಟ್ಟೆಯ ಮೇಲೆ ಕೂತ. ಒಳಗೆ, ಹಬ್ಬಕ್ಕೆ ಮತ್ತೆ ಬಂದಿದ್ದ ಕಸ್ತೂರಬಾಯಿ ಸುಗಲಾಳ ಹೊಟ್ಟೆಯ ಸುತ್ತ ಹಳೆ ಧೋತರದ ಪಟ್ಟಿ ಬಿಗಿದು, ಬೆನ್ನಿಗೆ ಮೊಣಕಾಲು ಕೊಟ್ಟು ಗಂಟು ಹಾಕಿದಳು. ಅದರ ಮೇಲೆ ಕಪ್ಪು ಚಂದ್ರಕಳಿ. ಉದ್ದ ಕುಂಕುಮ, ಉದ್ದ ಸರ, ತುಟಿಯ ಮೇಲೆ ತೂಗುವ ನತ್ತು.

"ಉಸಿರು ಒಳಗ ಎಳಕೋ. ಕೊಕ್ಕಿ ಬೀಳೂತನಕ ಬಿಡಬ್ಯಾಡ."

ಸುಗಲಾ ಪಡಸಾಲೆಗೆ ಬಂದು ಕೈಯೆತ್ತಿ ನಿಂತಳು. ಗುರುಬಾಯಿ ಸುತ್ತಿದಳು, ಎಳೆದಳು. ಕಸ್ತೂರಬಾಯಿಯೂ ಕೈ ಹಚ್ಚಿದಳು. ಸುಗಲಾಳ ಮುಖ ಕೆಂಪೇರಿ ನೀಲಿಗೆ ತಿರುಗಿತು. ಕೊಕ್ಕೆ ಕೊಂಡಿಯ ಹತ್ತಿರ ಬಂತು, ಬಂತು, ನಾಲ್ಕು ಬೆರಳು ಉಳಿಯಿತು. ಅಲ್ಲಿಗೆ ಅವಳ ಉಸಿರು ಬಿಟ್ಟುಹೋಯಿತು. ಡಾಬು ಜಾರಿ ನೆಲಕ್ಕೆ ಬಿತ್ತು.

"ನಾಚಿಕಿ ಆಗಬೇಕು," ಎಂದಳು ಗುರುಬಾಯಿ. "ಒಂದು ಹೆಣ್ಣಿನ ಹೊಟ್ಟಿ ಹತೋಟ್ಯಾಗ ಇಡಲಿಕ್ಕ ಬರಲಿಲ್ಲ ನಿಮಗ."

ಹಣಮಂತಪ್ಪ ತಲೆ ತಗ್ಗಿಸಿದ. ಕಸ್ತೂರಬಾಯಿ ಚಂದ್ರಕಳಿಯ ತಪ್ಪಿಲ್ಲವೆಂದು ಸಾಬೀತು ಮಾಡಲು ಸೀರೆಯ ದಡಿ ಎತ್ತಿ ತೋರಿಸತೊಡಗಿದಳು. ದೊಡ್ಡವರು ಹೀಗೆ ಮಾತಿಗೆ ಮಾತು ಬೆಳೆಸುತ್ತಿರುವಾಗ ದ್ರೌಪದಿ ನೆಲದ ಮೇಲಿನ ಹೊಳೆಯುವ ವಸ್ತುವನ್ನು ಎತ್ತಿಕೊಂಡಳು. ಒಂಬತ್ತು ವರ್ಷದ ಮಗು, ಆಡುವ ಕೈ. ಪರಕಾರದ ಮೇಲೆ ಸುತ್ತಿಕೊಂಡಳು.

ಟಕ್ ಎಂದು ಕೊಕ್ಕೆ ಬಿತ್ತು.

"ಬಿತ್ತು!" ಎಂದು ಗೋಡೆಯ ಕಡೆಯಿಂದ ಸೋಮವ್ವ ಕೂಗಿದಳು. ಸಪ್ಪಳ ಕೇಳಿದ್ದಳು, ಯಾರ ಸೊಂಟದ್ದೆಂದು ಅವಳಿಗೇನು ಗೊತ್ತು? ಭಂಡಾರದ ಚೀಲಕ್ಕೆ ಕೈ ಹಾಕಿ, ಹಳದಿ ಹಿಡಿ ಎತ್ತಿ ತೂರಿಬಿಟ್ಟಳು. "ಬೀರಪ್ಪ ಒಪ್ಪಿದ! ಚಾಂಗಭಲೋ!"

ಎಲ್ಲರೂ ತಿರುಗಿ ನೋಡಿದರು. ಡಾಬು ದ್ರೌಪದಿಯ ಸೊಂಟದ ಮೇಲೆ ಹೇಳಿ ಮಾಡಿಸಿದಂತೆ ಕೂತಿತ್ತು.

ಸುಗಲಾಗೆ ಆಗ ತಿಳಿಯಿತು. ಇದು ಹೆಂಗಸಿನ ಡಾಬೇ ಅಲ್ಲ, ಕೂಸಿನ ಡಾಬು! ಅವಳು ನಿಧಾನಕ್ಕೆ ಕೇಳಿದಳು: "ಅತ್ತಿ, ನೀವು ಇದನ್ನ ತೊಟ್ಟಾಗ ಎಷ್ಟು ವರ್ಷದವರಿದ್ರಿ?"

"ನನಗೇನು, ಒಂಬತ್ತು ನಡದಿತ್ತು," ಎಂದಳು ಗುರುಬಾಯಿ. ಆ ಮಾತಿನಲ್ಲಿ ಅವಳಿಗೆ ಯಾವ ವಿಶೇಷವೂ ಕಾಣಲಿಲ್ಲ. ಅವಳ ಕಣ್ಣು ದ್ರೌಪದಿಯ ಮೇಲಿತ್ತು. ನೋಡುತ್ತ ನೋಡುತ್ತ ಮುಖ ಅರಳಿತು. "ಹಣಮಂತಪ್ಪಣ್ಣಾ! ಹಿರೇರು ಭಂಡಾರ ಹಾಕಿ ಆತು. ದೇವರು ಯಾರನ್ನ ಬೇಡ್ಯಾನ ಅಂತ ಕಣ್ಣಿಗೆ ಕಾಣಾಕತ್ತದ. ದೊಡ್ಡಾಕಿ ಇರ್ಲಿ. ಈ ಸಣ್ಣಾಕೀನ ಕೊಡ್ರಿ."

"ಅಕಿ ಇನ್ನಾ ಕೂಸು ಬಾಯಿ," ಎಂದ ಹಣಮಂತಪ್ಪ. "ಮತ್ತ ಸರಕಾರ ಕಾಯ್ದೆ ಮಾಡೇದಂತ, ಸಣ್ಣ ಹುಡುಗ್ಯಾರ ಲಗ್ನ ಮಾಡಬಾರದಂತ..."

"ಆ ಕಾಯ್ದೆ ನಮ್ಮ ಮಂದ್ರೂಪದ ಕಡೆ, ಇಂಗ್ರೇಜರ ಮುಲಕಿಗೆ. ಲಗ್ನ ನಿಮ್ಮೂರಾಗ, ಅಕ್ಕಲಕೋಟ ರಾಜರ ಸಂಸ್ಥಾನದಾಗ ಮಾಡೂಣು. ಇಲ್ಲಿ ಯಾರು ಕೇಳ್ತಾರ?"

"ಅದೂ ಖರೇ," ಎಂದಳು ಕಸ್ತೂರಬಾಯಿ! "ಇಕಿಗೆ ಯಾವ ಸೀರಿ ಉಡಿಸಿದ್ರೂ ಒಪ್ಪತದ." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಹಣಮಂತಪ್ಪ ಇಲ್ಲ ಎನ್ನಲಿಲ್ಲ. ದೇವರ ಹೆಸರು ಬಂದ ಮೇಲೆ ಆ ಬಡಪಾಯಿಯ ನಾಲಿಗೆ ಏಳುತ್ತಲೇ ಇರಲಿಲ್ಲ. ಅವನು ಭಂಡಾರ ಬಿದ್ದ ನೆಲವನ್ನು ನೋಡುತ್ತ ಕೂತ. ದ್ರೌಪದಿ ಅಕ್ಕನ ಸೀರೆ ಹಿಡಿದುಕೊಂಡು, "ಅಕ್ಕಾ, ಏನಂತಾರ? ನಾ ಏನ ಮಾಡೀನಿ?" ಎಂದಳು.

ಸುಗಲಾಳ ಮೈ ಉರಿದುಹೋಯಿತು. ತನ್ನನ್ನು ಕಣಜ ಎಂದಾಗ ಸುಮ್ಮನಿದ್ದಳು, ಹಸಿವೆಯಿಂದ ಕಣ್ಣು ಕತ್ತಲಿಟ್ಟಾಗ ಸುಮ್ಮನಿದ್ದಳು. ಈಗ ಸುಮ್ಮನಿದ್ದರೆ ಈ ಮಗುವನ್ನು ಬಂಡಿಗೆ ಹಾಕಿಕೊಂಡು ಹೋಗುತ್ತಾರೆ! ಅವಳು ಬಗ್ಗಿ, ತಂಗಿಯ ಸೊಂಟದ ಕೊಕ್ಕೆ ಬಿಚ್ಚಿದಳು. ಡಾಬು ಹಿಡಿದು ದಡದಡ ಅಂಗಳಕ್ಕಿಳಿದಳು. ಸರದಾರ ಜೋಳದ ಸೊಪ್ಪು ಮೆಲ್ಲುತ್ತ ನಿಂತಿತ್ತು. ಅದರ ಕೊರಳಿಗೆ ಡಾಬು ಸುತ್ತಿದಳು.

ಟಕ್.

"ಇದಕ್ಕೂ ಬರೊಬ್ಬರಿ ಆತು!" ಸುಗಲಾಳ ದನಿ ಓಣಿಗೆಲ್ಲ ಕೇಳಿತು. "ತಗೊಂಡು ಹೋಗ್ರಿ. ಇದಕ್ಕ ಉಪವಾಸ ಕೆಡವೂದು ಬ್ಯಾಡ, ಚಂದ್ರಕಳಿ ಬ್ಯಾಡ, ಉದ್ದ ಕುಂಕುಮ ಬ್ಯಾಡ. ಡಾಬಿಗೆ ಸೊಸಿ ಹುಡುಕವರಿಗೆ ಇದಕ್ಕಿಂತ ಛೊಲೊ ಸೊಸಿ ಎಲ್ಲಿ ಸಿಗ್ತಾಳ?"

"ಅಯ್ಯಯ್ಯೋ, ದೇವರ ಡಾಬು! ಟಗರಿಗೆ ತೊಡಿಸಿದಳಲ್ಲೋ!" ಗುರುಬಾಯಿ ಬಾಯಿ ಬಡಿದುಕೊಂಡಳು.

"ಬೀರಪ್ಪ ಕುರುಬ ಅಲ್ಲೇನ್ರಿ? ಅವನ ಕುರಿ ಅವಗ ಮೈಲಿಗಿ ಆಗ್ತದ? ಕೂಸಿನ ನಡ ಹಿಡದು ಲಗ್ನಕ್ಕ ಅಳತಿ ಮಾಡವರು ನೀವು, ಮೈಲಿಗಿ ಮಾತು ನನಗ ಹೇಳ್ತೀರಿ?"

ಕಟ್ಟೆಯ ಮೇಲೆ ಕೂತಿದ್ದ ತುಕಾರಾಮ ಎದ್ದು ನಿಂತ. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅವ್ವಾ, ಸಾಕ ಮಾಡು. ನಾ ಆ ಕೂಸಿನ್ನ ಲಗ್ನ ಆಗಂಗಿಲ್ಲ," ಎಂದ. ಬಾಯಿ ಇತ್ತು ಹಾಗಾದರೆ. ಇಷ್ಟು ಹೊತ್ತು ಎಲ್ಲಿಟ್ಟುಕೊಂಡಿದ್ದನೋ ಆ ಬೀರಪ್ಪನೇ ಬಲ್ಲ.

ಗೋಡೆಗೊರಗಿದ್ದ ಸೋಮವ್ವ ಕಿವಿ ಈ ಕಡೆ ತಿರುಗಿಸಿದಳು. "ಕೊಕ್ಕಿ ಮತ್ತ ಬಿತ್ತಲ್ಲ. ಈಗ ಯಾರಿಗೆ ಬಿತ್ತು?"

"ಟಗರಿಗೆ ಬಿತ್ತು ಆಯಿ," ಎಂದಳು ಸುಗಲಾ. "ಬಂದು ಭಂಡಾರ ಹಚ್ಚು."

"ಮತ್ತ ಮದಲು ಬಿದ್ದದ್ದು?"

ಸುಗಲಾ ಪಡಸಾಲೆಗೆ ಬಂದು ದ್ರೌಪದಿಯ ಕೈ ಹಿಡಿದು, ಮುದುಕಿಯ ಮುಂದೆ ತಂದು ನಿಲ್ಲಿಸಿದಳು. "ಇಕಿಗೆ. ನನ್ನ ತಂಗಿ. ಮುಟ್ಟಿ ನೋಡು."

ಸೋಮವ್ವ ಎರಡೂ ಕೈ ಚಾಚಿದಳು. ಮೊದಲು ಮಗುವಿನ ತಲೆ ಸಿಕ್ಕಿತು, ಆಮೇಲೆ ಹೆಗಲು, ಆಮೇಲೆ ಸೊಂಟ. ಆ ಮುದಿ ಕೈಗಳು ಸೊಂಟವನ್ನು ಸುತ್ತುವರಿದವು. ಬೆರಳ ತುದಿಗಳು ಹಿಂದೆ ಒಂದಕ್ಕೊಂದು ಹತ್ತಿರ ಬಂದವು. ಮುದುಕಿ ಹಾಗೇ ಹಿಡಿದುಕೊಂಡು ಕೂತಳು. ಕಾಣದ ಕಣ್ಣಲ್ಲಿ ನೀರು ತುಂಬಿತು.

"ಇಷ್ಟಽ ಇದ್ದೆನಾ ನಾ?" ಎಂದಳು. "ಗುರೂ, ಇಷ್ಟಽ ಇದ್ದೆನೇನಽ ನಾ?"

ಗುರುಬಾಯಿ ಬಂದು ಅತ್ತೆಯ ಪಕ್ಕದಲ್ಲಿ ಕೂತಳು.

"ಲಗ್ನದ ದಿನ ನಿದ್ದಿ ಬಂದು ಬಿದ್ದಿದ್ದೆ," ಎಂದಳು ಸೋಮವ್ವ. "ನಮ್ಮಪ್ಪ ಟೊಂಕದ ಮ್ಯಾಲ ಎತಗೊಂಡು ಅಕ್ಕಿಕಾಳು ಹಾಕಿಸಿದ. ಆ ಡಾಬು ಚುಚ್ಚತದಂತ ಅತ್ತರ ಅತ್ತಿ ಬಡದಿದ್ದಳು. ನಾನೂ ನಿನಗ ಬಡದೀನಲ್ಲ ಗುರೂ, ನೀ ಅತ್ತಾಗ." ಅವಳು ಮಗುವಿನ ಸೊಂಟ ಬಿಡಲಿಲ್ಲ. "ಸುಡ್ಲಿ ಆ ಬೆಳ್ಳಿ. ಬೆಂಕಿ ತೋರಸಬಾರದಂತ! ನಮಗ ತೋರಿಸಿದ್ದು ಕಡಿಮಿ ಆತೇನು? ಟಗರಿನ ಕೊರಳಾಗ ಇರ್ಲಿ ಅದು, ಬಿಚ್ಚಬ್ಯಾಡ್ರಿ. ದೊಡ್ಡಾಕಿ ಎಲ್ಲಿದ್ದಾಳ? ಬಾರವಾ ಇಲ್ಲಿ. ನಮ್ಮ ಮನಿಗೆ ಬರ್ತೀಯೋ ಇಲ್ಲೋ, ನೀನಽ ಹೇಳು."

ಎಲ್ಲರೂ ಸುಗಲಾಳ ಮುಖ ನೋಡಿದರು. ಅಪ್ಪ, ಮಾವಶಿ, ಅಂಗಳದಲ್ಲಿ ರುಮಾಲು ಹಿಡಿದು ನಿಂತ ತುಕಾರಾಮ.

ಸುಗಲಾ ಮೊದಲು ನತ್ತು ತೆಗೆದಳು. "ನಿಲ್ಲು ಆಯಿ, ಬಂದೆ," ಎಂದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಚಂದ್ರಕಳಿ ಕಳಚಿದಳು. ಹೊಟ್ಟೆಗೆ ಬಿಗಿದ ಪಟ್ಟಿ ಬಿಚ್ಚಿ ಮೂಲೆಗೆ ಒಗೆದಳು. ಪೆಟ್ಟಿಗೆ ತೆರೆದು ಅವ್ವನ ಕೆಂಪು ಇಲಕಲ್ಲ ಉಟ್ಟಳು, ಅಂಗೈಯಗಲದ ದಡಿ ಎದ್ದು ಕಾಣುವ ಹಾಗೆ. ಉದ್ದ ಕುಂಕುಮ ಒರೆಸಿ, ದುಂಡಗೆ ಹಚ್ಚಿಕೊಂಡಳು. ಆಮೇಲೆ ಅಡುಗೆ ಮನೆಗೆ ಹೋಗಿ ಗಂಗಾಳದ ತುಂಬ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮುಷ್ಟಿಯಷ್ಟು ಬೆಣ್ಣೆ ಹಾಕಿಕೊಂಡು ಬಂದು, ಪಡಸಾಲೆಯ ನಟ್ಟನಡುವೆ, ತುದಿಯಲ್ಲಲ್ಲ, ಚಕ್ಕಳಮಕ್ಕಳ ಹಾಕಿ ಕೂತಳು.

"ಸುಗಲಾ!" ಎಂದಳು ಕಸ್ತೂರಬಾಯಿ. "ಬೀಗರ ಮುಂದ ಮದಲು ಉಣ್ತಾರೇನಽ? ಅವರು ಕೇಳಿದ್ದಕ್ಕ ಜವಾಬ ಕೊಡು."

"ಕೊಡ್ತೀನಿ ಮಾವಶಿ," ಎಂದಳು ಸುಗಲಾ, ರೊಟ್ಟಿ ಮುರಿಯುತ್ತ. "ಹೊಟ್ಟಿ ತುಂಬಿದ ಮ್ಯಾಲ."

ದ್ರೌಪದಿ ಬಂದು ಪಕ್ಕದಲ್ಲಿ ಕೂತಳು. ಸುಗಲಾ ಅವಳಿಗೊಂದು ತುತ್ತು ಕೊಟ್ಟು, ತಾನೊಂದು ಉಂಡು, ಎರಡನೆಯ ರೊಟ್ಟಿಗೆ ಕೈ ಹಾಕಿದಳು. ಮಂದ್ರೂಪದವರು ಕಾಯುತ್ತ ಕೂತರು.